ಎತ್ತರದ ಕೆಲಸ, ಹತ್ತಿರದ ಹಗ್ಗ

ಮಳೆಗಾಲಕ್ಕೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಮಲೆನಾಡಿನ ಮತ್ತು ಕರಾವಳಿಯ ಊರುಗಳಲ್ಲಿ ಒಂದು ಮಾತು ದಿನಕ್ಕೆ ಹತ್ತು ಬಾರಿಯಾದರೂ ಕಿವಿಗೆ ಬೀಳುತ್ತದೆ: 'ಹುಷಾರು ಮಾರಾಯಾ!' ಹೆಂಚು ಕೈಯಾಡಿಸಲು ಮಾಡು ಹತ್ತಿದವನನ್ನು ಕುರಿತು ಅಂಗಳದಲ್ಲಿ ನಿಂತವರು ಆಡುವ ಮಾತು ಇದು. ಬಯಲುಸೀಮೆಯಲ್ಲಿ, ಪಟ್ಟಣಗಳಲ್ಲಿ ಮಾತಿನ ರೂಪ ಬೇರೆ. 'ಜೋಪಾನ', 'ಜಾಗ್ರತೆ', 'ನೋಡಿಕೊಂಡು ಹತ್ತಪ್ಪ' ಎಂದಾಗಬಹುದು. ಭಾವ ಒಂದೇ. ಹೇಳುವವರ ಮನಸ್ಸಿನಲ್ಲಿ ನಿಜವಾದ ಕಳಕಳಿ ಇರುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನಾದುದರಿಂದ ಈ ಮಾತುಗಳ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕೆನಿಸುತ್ತದೆ. 'ಜಾಗ್ರತೆ' ಎಂದರೆ ಎಚ್ಚತ್ತಿರುವಿಕೆ. 'ಎಚ್ಚರಿಕೆ'ಯೂ ಅದೇ. ಪಾರಸಿಯಿಂದ ಬಂದ 'ಹುಷಾರು' ಎಂಬುದಕ್ಕೂ ಪ್ರಜ್ಞೆಯುಳ್ಳವನು, ಬುದ್ಧಿವಂತ ಎಂದೇ ಅರ್ಥ. ಮೂರೂ ಮನಸ್ಸಿನ ಗುಣಗಳನ್ನು ಹೇಳುವ ಮಾತುಗಳು; ಮೂರೂ ಹತ್ತಿದವನ ತಲೆಯ ಮೇಲೆಯೇ ಹೊಣೆಯನ್ನು ಹೊರಿಸುವ ಮಾತುಗಳು. ಕೆಳಗೆ ನಿಂತವನಿಗೆ ಅವುಗಳಿಂದ ಒಂದು ಕಾಸಿನ ಖರ್ಚೂ ಇಲ್ಲ.

ಮನಸ್ಸು ಎಷ್ಟೇ ಎಚ್ಚತ್ತಿದ್ದರೂ ಕಾಲು ಜಾರಿದ ಮೇಲೆ ಅದಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಇದು ಸರಳವಾದ ಲೆಕ್ಕ. ಸಾಮಾನ್ಯ ಮನೆಯ ಸೂರು ನೆಲದಿಂದ 3 ಮೀಟರು ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಬಿದ್ದವನು ನೆಲ ಮುಟ್ಟಲು ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಸಾಕು. ಆಗ ಅವನ ವೇಗ ಗಂಟೆಗೆ ಸುಮಾರು 27 ಕಿಲೋಮೀಟರು. 5 ಮೀಟರು ಎತ್ತರದ ಮಾಡಿನ ನೆತ್ತಿಯಿಂದಾದರೆ ಒಂದು ಸೆಕೆಂಡು, ಗಂಟೆಗೆ 35 ಕಿಲೋಮೀಟರು. ಒಂದು ಸೆಕೆಂಡಿನಲ್ಲಿ ಮನುಷ್ಯ 'ಅಯ್ಯೋ' ಎನ್ನಬಹುದು, ಅಷ್ಟೆ. ಇಪ್ಪತ್ತು ವರ್ಷದ ಅನುಭವವಿದ್ದವನಿಗೂ ನಿನ್ನೆ ಕೆಲಸಕ್ಕೆ ಸೇರಿದವನಿಗೂ ಆ ಒಂದು ಸೆಕೆಂಡು ಒಂದೇ ಸಮ.

ಇದು ನಮ್ಮ ಊರಿನ ಸಂಗತಿ ಮಾತ್ರವಲ್ಲ. ಕಾನೂನು, ಪರಿಶೀಲನೆ, ದಂಡ ಎಲ್ಲವೂ ಬಿಗಿಯಾಗಿರುವ ಬ್ರಿಟನ್ನಿನಲ್ಲಿ 2023-24ನೆಯ ವರ್ಷ ಕೆಲಸದಲ್ಲಿ ಸತ್ತ ಕಾರ್ಮಿಕರು 138 ಮಂದಿ. ಅವರಲ್ಲಿ 50 ಮಂದಿ ಎತ್ತರದಿಂದ ಬಿದ್ದವರು. ಯಂತ್ರಕ್ಕೆ ಸಿಕ್ಕಿದವರು, ವಾಹನಕ್ಕೆ ಸಿಕ್ಕಿದವರು, ವಿದ್ಯುತ್ತು ತಗುಲಿದವರು ಎಲ್ಲರೂ ಈ ಸಂಖ್ಯೆಯ ಹಿಂದೆಯೇ. ಅಷ್ಟು ವ್ಯವಸ್ಥೆ ಇದ್ದಲ್ಲಿಯೇ ಹೀಗೆಂದರೆ ಉಳಿದೆಡೆಯ ಮಾತನ್ನು ಊಹಿಸಿಕೊಳ್ಳಬಹುದು.

ಹಾಗಾದರೆ ಬೀಳುವವನನ್ನು ಹಿಡಿಯುವ ಸಲಕರಣೆಗಳು ಇಲ್ಲವೆ? ಇವೆ. ಹಿಂದೆ ನಡುವಿಗೆ ಮಾತ್ರ ಬಿಗಿಯುವ ಪಟ್ಟಿಯೊಂದು ಇತ್ತು. ಬಿದ್ದಾಗ ಅದು ಹೊಟ್ಟೆಯನ್ನೂ ಬೆನ್ನುಮೂಳೆಯನ್ನೂ ಹಿಂಸಿಸುತ್ತದೆಂದು ತಿಳಿದ ಮೇಲೆ ಎರಡು ತೊಡೆ, ಎರಡು ಭುಜ, ಎದೆ ಎಲ್ಲವನ್ನೂ ಬಳಸಿಕೊಳ್ಳುವ ಸಜ್ಜು ಬಂದಿತು. ಇಂಗ್ಲಿಷಿನಲ್ಲಿ ಕುದುರೆಯ ಸಜ್ಜಿಗೆ ಇರುವ ಹಾರ್ನೆಸ್ ಎಂಬ ಹೆಸರೇ ಇದಕ್ಕೂ ಇದೆ. ನಮ್ಮ ಕೆಲಸಗಾರರು ಮಾತ್ರ ಅದನ್ನು ಇಂದಿಗೂ 'ಬೆಲ್ಟು' ಎಂದೇ ಕರೆಯುತ್ತಾರೆ. ಅದರ ಬೆನ್ನಿನ ಬಳೆಗೆ ಹುಕ್ಕಿನ ಹಗ್ಗ. ಆ ಹಗ್ಗದಲ್ಲಿ ಮಡಚಿ ಹೊಲಿದ ಒಂದು ಪಟ್ಟಿ ಇರುತ್ತದೆ; ಬಿದ್ದಾಗ ಹೊಲಿಗೆ ಬಿಚ್ಚುತ್ತಾ ಬಿಚ್ಚುತ್ತಾ ಹೊಡೆತದ ಬಿರುಸನ್ನು ತಾನು ನುಂಗಿಕೊಳ್ಳುತ್ತದೆ. ಹಗ್ಗದ ಇನ್ನೊಂದು ತುದಿ ಕಟ್ಟಡದ ಗಟ್ಟಿಯಾದ ಭಾಗಕ್ಕೆ ಸಿಕ್ಕಿಕೊಂಡಿರಬೇಕು. ಇದಲ್ಲದೆ ತಲೆಗೆ ಗಲ್ಲಪಟ್ಟಿಯುಳ್ಳ ಹೆಲ್ಮೆಟ್ಟು, ಮಾಡಿನ ಇಳಿಜಾರಿನ ಮೇಲೆ ಮಲಗಿಸುವ ಏಣಿ, ಸಿಮೆಂಟಿನ ಶೀಟುಗಳ ಮೇಲೆ ಹಾಸುವ ಹಲಗೆ, ಚಪ್ಪಟೆ ತಾರಸಿಯಾದರೆ ಅಂಚಿಗೆ ನಿಲ್ಲಿಸುವ ಕಂಬಿ. ಬೆಲ್ಟಿನ ಮೇಲೆ ಐಎಸ್ 3521, ಹೆಲ್ಮೆಟ್ಟಿನ ಮೇಲೆ ಐಎಸ್ 2925 ಎಂಬ ಭಾರತೀಯ ಮಾನಕದ ಸಂಖ್ಯೆಗಳನ್ನು ನೋಡಿ ಕೊಳ್ಳಬಹುದು. ಇವು ಅಪರೂಪದ ವಸ್ತುಗಳೇನೂ ಅಲ್ಲ; ಜಿಲ್ಲೆಯ ಕೇಂದ್ರಗಳಲ್ಲಿ ಸಿಗುತ್ತವೆ.

ಇಂದು ನಾನು ಮಾತನಾಡಬೇಕೆಂದಿರುವುದು ಈ ಸಲಕರಣೆಗಳು ಇವೆಯೆ ಎಂಬುದನ್ನು ಕುರಿತಲ್ಲ. ಅವು ಎಲ್ಲಿವೆ ಎಂಬುದನ್ನು ಕುರಿತು. ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಸಾಗಿಸುವುದು, ಇಡುವುದು, ಎಣಿಸಿಕೊಳ್ಳುವುದು ಇವೆಲ್ಲ ಉಗ್ರಾಣದ ಗುಮಾಸ್ತರ ಕೆಲಸ, ಇದರಲ್ಲಿ ಚಿಂತಿಸುವುದೇನಿದೆ ಎಂದು ಯಾರಿಗಾದರೂ ತೋರಬಹುದು. ನನಗೂ ಅದರ ತೂಕ ತಿಳಿದದ್ದು 2011ರಲ್ಲಿ, ಒಂದು ಸಂದರ್ಭದಿಂದ.

ನಾನು ಆಗ ಮಲೆನಾಡಿನ ಒಂದು ಊರಿನ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ಸಭಾಭವನದ ಮಾಡಿಗೆ ಹೊದೆಸಿದ್ದ ಸಿಮೆಂಟಿನ ಶೀಟುಗಳು ಹಳೆಯದಾಗಿ ಸೋರುತ್ತಿದ್ದವು. ಗುತ್ತಿಗೆದಾರರೊಬ್ಬರು ದುರಸ್ತಿಯನ್ನು ವಹಿಸಿಕೊಂಡರು. ಎಂಟು ಮಂದಿ ಕೆಲಸಗಾರರು. ಎಂಟು ಬೆಲ್ಟುಗಳು, ಹೊಸವು, ಪ್ಲಾಸ್ಟಿಕ್ ಹೊದಿಕೆ ಕೂಡ ಹರಿಯದವು. ಅವುಗಳನ್ನು ಗೇಟಿನ ಬಳಿಯ ತಗಡಿನ ಷೆಡ್ಡಿನಲ್ಲಿ, ಸಿಮೆಂಟಿನ ಚೀಲ ಮತ್ತು ಬಣ್ಣದ ಡಬ್ಬಗಳ ಜೊತೆಗೆ, ಬೀಗ ಹಾಕಿ ಇಟ್ಟಿದ್ದರು. ಕಳವಾದೀತೆಂಬ ಭಯ. ಭವನಕ್ಕೂ ಷೆಡ್ಡಿಗೂ ನಡುವೆ ಮೈದಾನ; ಇನ್ನೂರು ಹೆಜ್ಜೆಗೆ ಕಡಿಮೆಯಿಲ್ಲ. ಒಂದು ಮಧ್ಯಾಹ್ನ ಮೇಲ್ವಿಚಾರಕರು ಸಾಮಾನು ತರಲು ಪೇಟೆಗೆ ಹೋದರು. ಬೀಗದ ಕೈ ಅವರ ಜೇಬಿನಲ್ಲಿಯೇ ಹೋಯಿತು. ಅಷ್ಟರಲ್ಲಿ ಪಶ್ಚಿಮದಲ್ಲಿ ಮೋಡ ಕವಿಯಿತು. ತೆಗೆದಿಟ್ಟಿದ್ದ ಕಡೆ ಟಾರ್ಪಾಲು ಹೊದೆಸದಿದ್ದರೆ ಒಳಗಿನ ಮರದ ವೇದಿಕೆ ನೆನೆಯುತ್ತದೆಂದು ಬಯಲುಸೀಮೆಯಿಂದ ಬಂದಿದ್ದ ಒಬ್ಬ ಹುಡುಗ ಹತ್ತಿದ. ಹತ್ತೇ ನಿಮಿಷದ ಕೆಲಸ. ಮೂರನೆಯ ಹೆಜ್ಜೆಗೆ ಶೀಟು ಮುರಿಯಿತು.

ಹುಡುಗ ಬದುಕಿದ. ನಡುವಿನ ಎಲುಬು ಮುರಿದಿತ್ತು. ಇಂದಿಗೂ ಕೋಲಿನ ಆಸರೆಯಿಲ್ಲದೆ ನಡೆಯಲಾರ. ಆಸ್ಪತ್ರೆಯಲ್ಲಿ ಅವನನ್ನು ಕಾಣಲು ಹೋದಾಗ, ಬೆಲ್ಟು ಹಾಕಿಕೊಳ್ಳಬಾರದಾಗಿತ್ತೆ ಎಂದು ಯಾರೋ ಕೇಳಿದರು. ಅವನು ನನ್ನ ಮುಖ ನೋಡಿ ಹೇಳಿದ: 'ಬೆಲ್ಟ್ ಇತ್ರಿ ಸರ. ಕೀಲಿ ಇರಲಿಲ್ರಿ.' ಆಮೇಲೆ ಬರೆದ ವರದಿಯಲ್ಲಿ 'ಕಾರ್ಮಿಕನ ಅಜಾಗ್ರತೆಯಿಂದ' ಎಂಬ ಮಾತು ಸೇರಿತು. ಸಲಕರಣೆಗಳ ಪಟ್ಟಿಯಲ್ಲಿ 'ಬೆಲ್ಟು, ಎಂಟು' ಎಂಬುದೂ ಇತ್ತು. ಎರಡೂ ಕಾಗದದ ಮೇಲೆ ಸರಿಯಾಗಿಯೇ ಇದ್ದವು. ಇಡೀ ವರದಿಯಲ್ಲಿ ಇಲ್ಲದಿದ್ದುದು ಇನ್ನೂರು ಹೆಜ್ಜೆ ಮತ್ತು ಒಂದು ಬೀಗ.

ಆ ಹುಡುಗನ ಎರಡು ವಾಕ್ಯಗಳನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಮಥಿಸಿದ್ದೇನೆ. ಇರುವ ವಸ್ತುವಿಗೂ ಕೈಗೆ ಒದಗುವ ವಸ್ತುವಿಗೂ ನಡುವೆ ಒಂದು ಅಂತರವಿದೆ. ಪುಸ್ತಕ ಗ್ರಂಥಾಲಯದಲ್ಲಿದ್ದು ಬೀರುವಿನ ಬೀಗದ ಕೈ ಕಳೆದಿದ್ದರೆ ಓದುಗನ ಪಾಲಿಗೆ ಆ ಪುಸ್ತಕ ಇಲ್ಲ. ಓದುಗನಾದರೋ ನಾಳೆ ಬಂದಾನು. ಮಾಡಿನ ಮೇಲಿನವನಿಗೆ ನಾಳೆ ಎಂಬುದು ಇರಬೇಕಾದರೆ ಹಗ್ಗ ಈ ಕ್ಷಣ ಬೇಕು.

ಇದನ್ನು ಸಮಯದ ಲೆಕ್ಕದಲ್ಲಿಯೂ ನೋಡಬಹುದು. ಷೆಡ್ಡಿಗೆ ಹೋಗಿ, ಬೀಗ ತೆಗೆಸಿ, ಒಂದಕ್ಕೊಂದು ಸಿಕ್ಕಿಕೊಂಡ ಪಟ್ಟಿಗಳನ್ನು ಬಿಡಿಸಿ, ಮರಳಿ ಬರಲು ಹತ್ತು ನಿಮಿಷ ಹಿಡಿಯುತ್ತದೆ ಎಂದುಕೊಳ್ಳೋಣ. ಬೆಳಿಗ್ಗೆ, ಹತ್ತು ಗಂಟೆಯ ಚಹದ ನಂತರ, ಊಟದ ನಂತರ, ಸಂಜೆಯ ಚಹದ ನಂತರ ಎಂದು ದಿನಕ್ಕೆ ನಾಲ್ಕು ಬಾರಿ. ಎಂಟು ಜನಕ್ಕೆ ಒಟ್ಟು 320 ನಿಮಿಷ, ಐದು ಗಂಟೆಗೂ ಹೆಚ್ಚು. ಯಾವ ಗುತ್ತಿಗೆದಾರನೂ ಇದನ್ನು ಸಹಿಸಲಾರ. ಯಾವ ಕೆಲಸಗಾರನೂ ಬೈಗುಳ ಕೇಳಿಕೊಂಡು ಹೋಗಿ ತರಲಾರ. ಮೊದಲ ದಿನ ನಾಲ್ಕು ಬಾರಿ ಹೋದವನು ಎರಡನೆಯ ದಿನ ಎರಡು ಬಾರಿ ಹೋಗುತ್ತಾನೆ, ಮೂರನೆಯ ದಿನ ಬೆಲ್ಟನ್ನು ಮರೆಯುತ್ತಾನೆ. ಅದೇ ಬೆಲ್ಟು ಏಣಿಯ ಬುಡದಲ್ಲಿ ಗೂಟಕ್ಕೆ ತೂಗಿದ್ದರೆ ಒಂದೆರಡು ನಿಮಿಷದ ಮಾತು. ಮನುಷ್ಯನ ಸ್ವಭಾವವನ್ನು ತಿದ್ದುವುದಕ್ಕಿಂತ ಗೂಟವನ್ನು ಸರಿಯಾದ ಜಾಗದಲ್ಲಿ ಹೊಡೆಯುವುದು ಸುಲಭ.

ದೊಡ್ಡ ಕೆಲಸಗಳನ್ನು ಮಾಡಿದವರು ಈ ಸೂಕ್ಷ್ಮವನ್ನು ಅರಿತಿದ್ದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯನ್ನು 1933ರಿಂದ 1937ರವರೆಗೆ ಕಟ್ಟಿದರು. ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೆಲಸಗಾರರ ಕೆಳಗೆ ದೊಡ್ಡ ಬಲೆಯನ್ನು ಕಟ್ಟಿಸಿದರು. ಅದಕ್ಕೆ ಆ ಕಾಲದಲ್ಲಿಯೇ ಒಂದು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು. ಬಲೆ ಸೇತುವೆಯ ಅಗಲವನ್ನು ಮೀರಿ ಚಾಚಿಕೊಂಡಿತ್ತು. ಕೆಲಸ ಮುಂದುವರಿದಂತೆ ಅದೂ ಮುಂದೆ ಮುಂದೆ ಸಾಗುತ್ತಿತ್ತು. ಮನುಷ್ಯ ಇರುವಲ್ಲಿಗೆ ಕಾಪು ಹೋಗಬೇಕೇ ಹೊರತು ಕಾಪು ಇರುವಲ್ಲಿಗೆ ಮನುಷ್ಯ ಬರಬೇಕಾಗಿಲ್ಲ ಎಂಬ ತತ್ತ್ವ ಅದು. ಆ ಬಲೆಯಿಂದ 19 ಮಂದಿ ಉಳಿದರು. ನರಕದ ಅರ್ಧದಾರಿಯವರೆಗೆ ಹೋಗಿ ಬಂದವರ ಸಂಘ ಎಂದು ಅವರು ತಮ್ಮನ್ನು ತಾವೇ ಕರೆದುಕೊಂಡರು. ಆದರೆ 1937ರ ಫೆಬ್ರವರಿ 17ರಂದು ಅಟ್ಟಣೆಯೊಂದು ಕಳಚಿ ಬಲೆಯ ಮೇಲೆಯೇ ಬಿದ್ದು ಅದನ್ನು ಹರಿದುಕೊಂಡು ಹೋಯಿತು. ಹತ್ತು ಮಂದಿ ಸತ್ತರು. ಸಲಕರಣೆಯ ಮೇಲೆ ಅದು ತಾಳಲಾರದ ಭಾರ ಬೀಳಬಾರದೆಂಬ ಎರಡನೆಯ ಪಾಠವನ್ನೂ ಅದೇ ಸೇತುವೆ ಕಲಿಸಿತು.

ನಮ್ಮಲ್ಲಿ ಈ ವಿವೇಕ ಇರಲಿಲ್ಲವೆಂದು ತಿಳಿಯಬಾರದು. ಅಡಕೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರು ಕೊನೆ ಕೊಯ್ಯುವವರನ್ನು ನೋಡಿಯೇ ಇರುತ್ತಾರೆ. ಉತ್ತರ ಕನ್ನಡದ ಕಡೆ ಅವನನ್ನು ಕೊನೆಗೌಡ ಎನ್ನುತ್ತಾರೆ. ಅವನ ಕಾಲಿಗೆ ಹಾಕಿಕೊಳ್ಳುವ ತಳೆಯಾಗಲಿ, ಕೂರುವ ಮಣೆಯಾಗಲಿ, ಹಗ್ಗವಾಗಲಿ ತೋಟದ ಒಡೆಯನದಲ್ಲ, ಅವನದೇ. ನಾನು ಚಿಕ್ಕಂದಿನಲ್ಲಿ ಕಂಡಂತೆ ಅವನು ಅದನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಬೆಳಿಗ್ಗೆ ಹೆಗಲ ಮೇಲೆ ಅವನೊಡನೆಯೇ ಬರುತ್ತಿತ್ತು, ಸಂಜೆ ಅವನೊಡನೆಯೇ ಹೋಗುತ್ತಿತ್ತು. ಮೊದಲ ಮರಕ್ಕೆ ಕಾಲಿಡುವ ಮುನ್ನ ಹಗ್ಗದ ಉದ್ದಕ್ಕೂ ಬೆರಳಾಡಿಸಿ ನೋಡುತ್ತಿದ್ದ. ಇವತ್ತು ಸುರಕ್ಷತೆಯ ಕೈಪಿಡಿಗಳು 'ಪ್ರತಿ ಬಳಕೆಗೆ ಮೊದಲು ಪರೀಕ್ಷಿಸಬೇಕು' ಎನ್ನುವುದು ಆ ಬೆರಳಿನ ಕೆಲಸವನ್ನೇ. ಹಾಗೆಯೇ ಹಳೆಯ ಮನೆಗಳಲ್ಲಿ ಬಿದಿರಿನ ಏಣಿಯನ್ನು ಗೋಡೆಗೆ ಒರಗಿಸಿ ಮಳೆಗೆ ಬಿಡುತ್ತಿರಲಿಲ್ಲ. ಸೂರಿನ ಕೆಳಗೆ, ಗೋಡೆಯ ಗೂಟಗಳ ಮೇಲೆ ಅಡ್ಡವಾಗಿ ಮಲಗಿಸುತ್ತಿದ್ದರು. ನೆಲದ ತೇವ ತಾಗುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ, ಬೇಕೆಂದಾಗ ಇಬ್ಬರು ಎತ್ತಿದರೆ ಬಂತು.

ನಿವೃತ್ತನಾದ ಮೇಲೆ ನಮ್ಮ ಹಳೆಯ ಮನೆಯ ಹೆಂಚನ್ನು ಪೂರ್ತಿಯಾಗಿ ಇಳಿಸಿ ರೀಪು ಬದಲಾಯಿಸುವ ಕೆಲಸ ಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಸೀಮೆಯ ಮಾಡುಗಳೆಲ್ಲ ಆ ಹೆಂಚಿನವೇ. ಒಂದೊಂದು ಎರಡು ಮೂರು ಕಿಲೋ ತೂಗುತ್ತದೆ. ಆ ಕೆಲಸಕ್ಕೆ ಬಂದ ಮೇಸ್ತ್ರಿ ಓದಿದವರಲ್ಲ. ಆದರೆ ಅವರ ಏರ್ಪಾಡು ನೋಡಿ ನಾನು ಬೆರಗಾದೆ. ಮೊದಲ ದಿನ ಹೆಂಚಿಗೆ ಕೈಹಾಕಲೇ ಇಲ್ಲ. ಜಗಲಿಯ ಕಂಬಕ್ಕೆ ಒಂದು ಹಲಗೆ ಕಟ್ಟಿದರು. ಅದರಲ್ಲಿ ಐದು ಗೂಟ, ಮೇಲೆ ಸುಣ್ಣದಲ್ಲಿ ಬರೆದ ಐದು ಅಂಕಿ. ಐದು ಜನ, ಐದು ಬೆಲ್ಟು. ಪ್ರತಿಯೊಂದಕ್ಕೂ ಒಂದು ಬಟ್ಟೆಯ ಚೀಲ. ಏಣಿಯನ್ನು ಹಲಗೆಯ ಪಕ್ಕದಲ್ಲಿಯೇ ನಿಲ್ಲಿಸಿದರು. ಚಹಕ್ಕೆ ಇಳಿದವನು ಬೆಲ್ಟು ಬಿಚ್ಚಿದರೆ ತನ್ನ ಗೂಟಕ್ಕೇ ಹಾಕಬೇಕು. ಒಂದು ಗೂಟ ಖಾಲಿಯಿದ್ದರೆ ಒಬ್ಬ ಮೇಲಿದ್ದಾನೆಂದು ಅಂಗಳದಲ್ಲಿದ್ದವರಿಗೂ ತಿಳಿಯುತ್ತಿತ್ತು. ಬೆಲ್ಟು ಗೂಟದಲ್ಲಿದ್ದು ಮನುಷ್ಯ ಮೇಲಿದ್ದರೆ ಕೂಡಲೇ ಕೂಗಿ ಕರೆಯುತ್ತಿದ್ದರು. ಇಷ್ಟೆಲ್ಲ ಏಕೆ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟು: 'ಮೇಷ್ಟ್ರೇ, ಹಗ್ಗ ದೂರ ಇದ್ರೆ ಮನಸ್ಸು ಅದಕ್ಕಿಂತ ದೂರ ಹೋಗ್ತದೆ.'

ಆ ಐದು ದಿನಗಳಲ್ಲಿ ನೋಡಿದ್ದನ್ನೂ ಅನಂತರ ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನೂ ಸೇರಿಸಿ ಕೆಲವು ಮಾತುಗಳನ್ನು ಕೇಳುಗರ ಮುಂದಿಡುತ್ತೇನೆ.

ಮೊದಲನೆಯದು, ಸಾಗಿಸುವ ಕ್ರಮ. ಕಾಪಾಡುವ ಹಗ್ಗ ಎಲ್ಲಕ್ಕಿಂತ ಮೊದಲು ಮೇಲೇರಬೇಕು, ಎಲ್ಲಕ್ಕಿಂತ ಕೊನೆಗೆ ಕೆಳಗಿಳಿಯಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ. ಲಾರಿಯಲ್ಲಿ ಎಲ್ಲಕ್ಕಿಂತ ಕೆಳಗೆ ಬೆಲ್ಟು, ಅದರ ಮೇಲೆ ಕಬ್ಬಿಣ, ಅದರ ಮೇಲೆ ಮರಳು. ಲಾರಿ ಬರಿದಾಗುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಸಂಜೆ ಇನ್ನೂ ಇಬ್ಬರು ಮೇಲಿರುವಾಗಲೇ ಹಗ್ಗ ಬಿಚ್ಚಿ ಕೆಳಗೆ ಎಸೆಯುತ್ತಾರೆ. ಬೆಲ್ಟು ಹಗ್ಗಗಳಿಗೆ ಬೇರೆ ಚೀಲವಿರಲಿ. ಅದು ಲಾರಿಯಲ್ಲಿ ಕೊನೆಗೆ ಏರಲಿ, ಕೆಲಸದ ಜಾಗದಲ್ಲಿ ಮೊದಲು ಇಳಿಯಲಿ. ಗರಗಸ, ಉಳಿ, ಮೊಳೆಗಳ ಜೊತೆ ಅದನ್ನು ಸೇರಿಸಬಾರದು. ನೂಲಿನ ಪಟ್ಟಿಗೆ ತಗುಲಿದ ಒಂದು ಸಣ್ಣ ಸೀಳು ಕಣ್ಣಿಗೆ ಕಾಣದೆ ಹೋದೀತು, ಭಾರ ಬಿದ್ದಾಗ ತನ್ನನ್ನು ತೋರಿಸಿಕೊಂಡೀತು.

ಎರಡನೆಯದು, ಏಣಿ ಹತ್ತುವವನ ಕೈಗಳು ಬರಿದಾಗಿರಬೇಕು. ಒಂದು ಕೈಯಲ್ಲಿ ಹಗ್ಗದ ಸುರುಳಿ, ಹೆಗಲ ಮೇಲೆ ಹಲಗೆ ಇಟ್ಟುಕೊಂಡು ಹತ್ತುವವನನ್ನು ದಿನವೂ ನೋಡುತ್ತೇವೆ. ಬೀಳದಂತೆ ತಡೆಯಬೇಕಾದ ಸಲಕರಣೆಯನ್ನು ಹೊರುವಾಗಲೇ ಬೀಳುವುದು ಎಂತಹ ವಿಪರ್ಯಾಸ! ಬೆಲ್ಟು ಮೈಮೇಲಿರಲಿ, ಉಳಿದದ್ದನ್ನು ಚೀಲದಲ್ಲಿ ಕಟ್ಟಿ ಬೇರೊಂದು ಹಗ್ಗದಿಂದ ಮೇಲಕ್ಕೆಳೆದುಕೊಳ್ಳಲಿ. ಏಣಿಯ ಎತ್ತರ ನಾಲ್ಕು ಪಾಲಾದರೆ ಬುಡ ಗೋಡೆಯಿಂದ ಒಂದು ಪಾಲು ದೂರವಿರಲಿ. ತುದಿ ಸೂರಿನಿಂದ ಒಂದು ಮೀಟರಿನಷ್ಟು ಮೇಲೆ ಚಾಚಿಕೊಂಡಿರಲಿ. ಆಗ ಮಾಡಿಗೆ ಕಾಲಿಡುವಾಗಲೂ ಹಿಡಿಯಲು ಆಸರೆ ಇರುತ್ತದೆ.

ಮೂರನೆಯದು, ಮೇಲೆ ಇಡುವ ಭಾರ. ಚಪ್ಪಟೆ ತಾರಸಿಯ ಅಂಚಿಗೆ ನಿಲ್ಲಿಸುವ ಕಂಬಿಗಳಲ್ಲಿ ಕೆಲವಕ್ಕೆ ಬುಡದಲ್ಲಿ ಭಾರವಾದ ದಿಮ್ಮಿಗಳಿರುತ್ತವೆ. ತಾರಸಿಯನ್ನು ಕೊರೆಯದೆ ತಮ್ಮ ತೂಕದಿಂದಲೇ ಅವು ನಿಲ್ಲುತ್ತವೆ. ಇವುಗಳನ್ನು ಸಾಗಿಸಲು ಚಕ್ರದ ಗಾಡಿ ಬಳಸುವುದು ಬೆನ್ನಿಗೂ ಒಳ್ಳೆಯದು, ಸಮಯಕ್ಕೂ ಒಳ್ಳೆಯದು. ಆದರೆ ಮೇಲಕ್ಕೆ ತಂದ ದಿಮ್ಮಿಗಳನ್ನೆಲ್ಲ ಒಂದೇ ಕಡೆ ರಾಶಿ ಹಾಕಬಾರದು. ಭಾರತೀಯ ಮಾನಕದಂತೆ, ಜನ ಓಡಾಡುವ ತಾರಸಿಯನ್ನು ಒಂದು ಚದರ ಮೀಟರಿಗೆ ಸುಮಾರು 150 ಕಿಲೋ ಭಾರಕ್ಕೂ, ದುರಸ್ತಿಗಲ್ಲದೆ ಯಾರೂ ಹತ್ತದ ಮಾಡನ್ನು ಅದರ ಅರ್ಧಕ್ಕೂ ಲೆಕ್ಕ ಹಾಕುತ್ತಾರೆ. ಐದಾರು ದಿಮ್ಮಿಗಳನ್ನು ಒಂದರ ಮೇಲೊಂದಿಟ್ಟರೆ ಈ ಮಿತಿ ದಾಟಿಹೋಗಬಹುದು. ಗೋಡೆ, ತೊಲೆಗಳ ನೇರಕ್ಕೆ ಹಂಚಿಡಬೇಕು. ಅಂಚಿನಿಂದ ಹಿಂದೆ, ಗಾಳಿಗೆ ಹಾರದಂತೆ ಕಟ್ಟಿಡಬೇಕು. ಓಡಾಡುವ ದಾರಿಯಲ್ಲಿ ಹಗ್ಗ ಚೆಲ್ಲಿರಬಾರದು. ಕಾಲಿಗೆ ಸಿಕ್ಕುವ ಹಗ್ಗ ಕಾಪಾಡುವ ಹಗ್ಗವಲ್ಲ.

ನಾಲ್ಕನೆಯದು, ಹಗ್ಗವನ್ನು ಎಲ್ಲಿಗೆ ಕಟ್ಟಬೇಕೆಂಬುದು. ರೀಪಿಗೆ, ನೀರಿನ ಕೊಳವೆಗೆ, ಸೋಲಾರ್ ಪೆಟ್ಟಿಗೆಯ ಕಾಲಿಗೆ ಕಟ್ಟಿದರೆ ಕಟ್ಟಿದ್ದೂ ಒಂದೇ ಬಿಟ್ಟದ್ದೂ ಒಂದೇ. ಅಮೆರಿಕದ ಕಟ್ಟಡ ಕೆಲಸದ ನಿಯಮ ಒಬ್ಬೊಬ್ಬ ಮನುಷ್ಯನಿಗೆ 5,000 ಪೌಂಡು, ಅಂದರೆ 2,200 ಕಿಲೋಗೂ ಹೆಚ್ಚು ಭಾರ ತಾಳುವ ಆಣಿಯನ್ನು ಕೇಳುತ್ತದೆ. ಅರುವತ್ತು ಕಿಲೋ ಮನುಷ್ಯನಿಗೆ ಇಷ್ಟೇಕೆ ಎನ್ನಬಾರದು. ಬಿದ್ದು ತಡೆದಾಗಿನ ಜಗ್ಗು ಮನುಷ್ಯನ ತೂಕದ ಹಲವು ಪಟ್ಟಾಗಿರುತ್ತದೆ. ಮತ್ತೊಂದು ವಿಷಯವನ್ನು ಬಹಳ ಜನ ಅರಿಯರು. ಎರಡು ಮೀಟರಿನ ಹುಕ್ಕಿನ ಹಗ್ಗ, ಹೊಲಿಗೆ ಬಿಚ್ಚುವ ಪಟ್ಟಿ, ಮನುಷ್ಯನ ಎತ್ತರ ಎಲ್ಲ ಸೇರಿದರೆ ಕಟ್ಟಿದ ಜಾಗದ ಕೆಳಗೆ ಸುಮಾರು 6 ಮೀಟರು ತೆರಪು ಬೇಕಾಗುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ ಅಷ್ಟು ಎತ್ತರವೇ ಇರುವುದಿಲ್ಲ. ಅಲ್ಲಿ ಬಿದ್ದ ಮೇಲೆ ಹಿಡಿಯುವ ಹಗ್ಗಕ್ಕಿಂತ ಅಂಚಿನವರೆಗೆ ಹೋಗಗೊಡದ ಗಿಡ್ಡ ಹಗ್ಗವೇ ಮೇಲು. ಆದುದರಿಂದ ಕೆಲಸದ ಜಾಗಕ್ಕೆ ಯಾವ ಉದ್ದದ ಹಗ್ಗ ಒಯ್ಯಬೇಕೆಂಬುದನ್ನು ಹೊರಡುವ ಮೊದಲೇ ಎಣಿಸಬೇಕು.

ಐದನೆಯದು, ಕಾದಿಡುವ ಬಗೆ. ತೆಂಗಿನ ನಾರಿನ, ಸೆಣಬಿನ ಹಗ್ಗಕ್ಕೆ ತೇವ ಶತ್ರು. ನೈಲಾನು, ಪಾಲಿಯೆಸ್ಟರುಗಳಿಗೆ ತೇವಕ್ಕಿಂತ ಬಿಸಿಲು ದೊಡ್ಡ ಶತ್ರು. ತಿಂಗಳುಗಟ್ಟಲೆ ಬಿಸಿಲಲ್ಲಿ ಬಿದ್ದ ಪಟ್ಟಿ ಬಣ್ಣಗೆಟ್ಟು ಒಳಗೊಳಗೇ ಸೊರಗುತ್ತದೆ. ನೈಲಾನಿಗೆ ಆಮ್ಲ ಆಗದು. ಬ್ಯಾಟರಿಯ ಪಕ್ಕದಲ್ಲಿ ಇಡಬಾರದು. ಪಾಲಿಯೆಸ್ಟರಿಗೆ ಕ್ಷಾರ ಆಗದು. ಹಸಿ ಸಿಮೆಂಟು, ಸುಣ್ಣ ಎರಡೂ ಕ್ಷಾರವೇ. ಅಂದರೆ ಸಿಮೆಂಟಿನ ಚೀಲದ ಮೇಲೆ ಬೆಲ್ಟನ್ನು ಇಡುವ ನಮ್ಮ ಷೆಡ್ಡುಗಳ ಪದ್ಧತಿ ಎಷ್ಟು ಕೆಟ್ಟದ್ದೆಂದು ಬೇರೆ ಹೇಳಬೇಕಾಗಿಲ್ಲ. ಕೊಳೆಯಾದರೆ ಸಾದಾ ಸಾಬೂನಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಒಲೆಯ ಮುಂದೆ ಒಣಗಿಸಬಾರದು. ಗಾಳಿಯಾಡುವ, ಕತ್ತಲೆಯ, ಇಲಿ ಬಾರದ ಜಾಗದಲ್ಲಿ ತೂಗುಹಾಕಬೇಕು. ಪ್ರತಿಯೊಂದಕ್ಕೂ ಅಂಕಿ, ಕೊಂಡ ದಿನ, ನೋಡಿದ ದಿನ ಬರೆದಿಡಲು ಒಂದು ಪುಸ್ತಕ. ಒಮ್ಮೆ ಮನುಷ್ಯನನ್ನು ಹಿಡಿದ ಬೆಲ್ಟನ್ನು ಕೆಲಸದಿಂದ ತೆಗೆಯಬೇಕು. ಅದು ತನ್ನ ಕರ್ತವ್ಯವನ್ನು ಮುಗಿಸಿದೆ. ಕೆಟ್ಟದ್ದನ್ನು ಮೂಲೆಗೆ ಎಸೆದರೆ ನಾಳೆ ಯಾರೋ ಹುಡುಗ ತೆಗೆದುಕೊಂಡು ಹಾಕಿಕೊಳ್ಳುತ್ತಾನೆ. ಆದುದರಿಂದ ಕತ್ತರಿಸಿಯೇ ಎಸೆಯಬೇಕು.

ಕಳವಿನ ಮಾತೂ ಬಂತು. ಬೀಗವೇ ಬೇಡವೆಂದು ನಾನು ಹೇಳುತ್ತಿಲ್ಲ. ರಾತ್ರಿ ಬೀಗ ಇರಲಿ. ಕೆಲಸ ನಡೆಯುವಷ್ಟು ಹೊತ್ತು, ಒಬ್ಬ ಮನುಷ್ಯ ಮೇಲಿರುವಷ್ಟು ಹೊತ್ತು, ಪೆಟ್ಟಿಗೆ ತೆರೆದಿರಲಿ. ಬೀಗದ ಕೈ ಕೆಲಸದ ಜಾಗವನ್ನು ಬಿಟ್ಟು ಹೋಗದಿರಲಿ. ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಉದ್ದ ಹಗ್ಗವೂ ಇರಬೇಕು: ಬೆಲ್ಟಿನಲ್ಲಿ ತೂಗಿ ನಿಂತವನನ್ನು ಇಳಿಸಲು. ಬೆಲ್ಟು ಹಿಡಿಯಿತೆಂದು ನೆಮ್ಮದಿಪಡುವ ಹಾಗಿಲ್ಲ. ಅಲುಗಾಡದೆ ತೂಗಿದವನ ರಕ್ತ ಕಾಲುಗಳಲ್ಲಿ ನಿಂತು ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಾಪಾಯವಾಗಬಹುದು. ಇಳಿಸುವವರು ಯಾರು, ಹೇಗೆ ಎಂಬುದು ಹತ್ತುವ ಮೊದಲೇ ನಿಶ್ಚಯವಾಗಿರಬೇಕು.

ಕಾನೂನು ಇದೆಯಲ್ಲ ಎಂದು ಕೆಲವರು ಕೇಳಬಹುದು. 1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಒಂದು ಕಾಯಿದೆ ಬಂತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಾಗ ಅದು ಅದರೊಳಗೆ ಸೇರಿತು. ಆ ಹಳೆಯ ಕಾಯಿದೆ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆಗೆ ಅನ್ವಯಿಸುತ್ತಿತ್ತು. ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸ ಅದರ ಹೊರಗಿತ್ತು. ಅಂದರೆ ಮೂವರು ಬಂದು ಹೆಂಚು ಕೈಯಾಡಿಸುವ, ಇಬ್ಬರು ಬಂದು ನೀರಿನ ತೊಟ್ಟಿ ತೊಳೆಯುವ ಕೆಲಸಗಳು ಕಾನೂನಿನ ಕಣ್ಣಿಗೆ ಬಿದ್ದದ್ದೇ ಕಡಿಮೆ. ಇಂತಹ ಕೆಲಸಗಳು ಈಗ ಹೆಚ್ಚುತ್ತಿವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳ ಮೇಲೆ ಸೌರಫಲಕ. ಒಳ್ಳೆಯ ಯೋಜನೆಯೇ. ಆದರೆ ಒಂದು ಕೋಟಿ ಮಾಡುಗಳೆಂದರೆ ಒಂದು ಕೋಟಿ ಬಾರಿ ಯಾರೋ ಹತ್ತಬೇಕು. ಹಾಕಲು ಒಮ್ಮೆ, ಒರೆಸಲು ಹಲವು ಬಾರಿ. ಆ ಹತ್ತುವವರಿಗೆ ಕಾನೂನಿಗಿಂತ ಹತ್ತಿರದಲ್ಲಿರುವವರು ಮನೆಯ ಯಜಮಾನ, ಯಜಮಾನಿತಿ, ಅಂದರೆ ನಾವು.

ನಾವು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಕೆಲಸ ಒಪ್ಪಿಸುವಾಗ ದರದ ಜೊತೆಗೆ ಮೂರು ಪ್ರಶ್ನೆ ಕೇಳಬೇಕು. ಎಷ್ಟು ಜನ ಹತ್ತುತ್ತಾರೆ, ಎಷ್ಟು ಬೆಲ್ಟು ತರುತ್ತೀರಿ? ಅವನ್ನು ನಮ್ಮ ಮನೆಯಲ್ಲಿ ಎಲ್ಲಿ ಇಡುತ್ತೀರಿ? ಹಗ್ಗವನ್ನು ಯಾವುದಕ್ಕೆ ಕಟ್ಟುತ್ತೀರಿ? ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಟ್ಟಾರು. ಎರಡನೆಯದಕ್ಕೆ ತಡವರಿಸಿದರೆ ನಮ್ಮ ಜಗಲಿಯಲ್ಲಿ ಒಂದು ಹಲಗೆ, ನಾಲ್ಕು ಗೂಟ ನಾವೇ ಒದಗಿಸಬಹುದು. ಇದಕ್ಕೆ ತಗಲುವ ಅರ್ಧ ದಿನದ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯಿರೆಂದು ಹೇಳಿ, ಚೌಕಾಸಿ ಮಾಡದೆ ಕೊಡಬೇಕು. ನಾವು ಆ ಅರ್ಧ ದಿನಕ್ಕೆ ಕೊಡದಿದ್ದರೆ ಅದನ್ನು ಕೆಲಸಗಾರ ತನ್ನ ನಡುವಿನ ಎಲುಬಿನಿಂದ ಕೊಡಬೇಕಾಗುತ್ತದೆ.

ಇಷ್ಟನ್ನು ಮಾಡಿದ ಮೇಲೆ, ಏಣಿಗೆ ಕಾಲಿಡುವವನಿಗೆ 'ಹುಷಾರು' ಎಂದೂ ಹೇಳೋಣ. ಆಗ ಆ ಮಾತಿಗೆ ಒಂದು ಬೆಲೆ ಇರುತ್ತದೆ.